ಎಲೆಯಲ್ಲಿ ಮಾಂಸವಿಲ್ಲದಿದ್ದರೆ ಸಾಲದು

2025ರ ಜನವರಿಯಲ್ಲಿ ನಮ್ಮ ಸಂಘವು ಏರ್ಪಡಿಸಿದ ಸಂಕ್ರಾಂತಿಯ ಕುಟುಂಬ ಭೋಜನದ ಆಮಂತ್ರಣ ಪತ್ರಿಕೆಯನ್ನು ನಾನು ಇನ್ನೂ ಎಸೆದಿಲ್ಲ. ‘ಸಾಂಪ್ರದಾಯಿಕ ಶುದ್ಧ ಶಾಕಾಹಾರಿ ಹಬ್ಬದೂಟ’ ಎಂದು ಅದರಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿದೆ. ಆ ಮಧ್ಯಾಹ್ನ ಎಲೆಗೆ (ಎಲೆ ಎಂಬುದು ರೂಢಿಯ ಮಾತು, ಇದ್ದದ್ದು ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ) ಬಡಿಸಿದ ಪದಾರ್ಥಗಳಿವು: ಪನೀರ್ ಬಟರ್ ಮಸಾಲಾ, ವೆಜ್ ಕೊಲ್ಹಾಪುರಿ, ತಂದೂರಿ ರೋಟಿ, ಜೀರಾ ರೈಸ್, ದಾಲ್ ತಡ್ಕಾ, ಗುಲಾಬ್ ಜಾಮೂನು. ಕನ್ನಡತನದ ಮರ್ಯಾದೆ ಉಳಿಸಲೆಂದು ಕೊನೆಯ ಪಾತ್ರೆಯಲ್ಲಿ ಆರಿ ಗಟ್ಟಿಯಾದ ಬಿಸಿಬೇಳೆ ಭಾತು. ಸಂಕ್ರಾಂತಿಯ ಕುರುಹಾಗಿ ಬಾಗಿಲಲ್ಲಿ ಎಳ್ಳು-ಬೆಲ್ಲದ ಪುಟ್ಟ ಪೊಟ್ಟಣ. ಉಂಡು ಕೈತೊಳೆಯುವಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು, ‘ನೋಡಿ, ಹೊರನಾಡಿಗೆ ಬಂದು ಎಷ್ಟು ವರ್ಷವಾದರೂ ನಾವು ನಮ್ಮ ಸಂಸ್ಕೃತಿಯನ್ನು ಬಿಟ್ಟುಕೊಟ್ಟಿಲ್ಲ’ ಎಂದು ಸಂತೃಪ್ತಿಯಿಂದ ನುಡಿದರು. ಯಾವ ಸಂಸ್ಕೃತಿ ಸ್ವಾಮಿ, ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅಂದು ಕೇಳದೆ ಉಳಿದದ್ದನ್ನು ಇಂದು ಈ ಪುಟಗಳಲ್ಲಿ ಕೇಳುತ್ತಿದ್ದೇನೆ.

ಅಡುಗೆಯ ಗುತ್ತಿಗೆದಾರನ ಮೇಲೆ ನನ್ನ ದೂರಿಲ್ಲ. ಅವನಿಗೆ ನಾವು ಹೇಳಿದ್ದು ಇಷ್ಟೇ: ಮಾಂಸವಿರಬಾರದು, ಮೊಟ್ಟೆಯಿರಬಾರದು, ಈರುಳ್ಳಿ-ಬೆಳ್ಳುಳ್ಳಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಪುಣೆಯ ಯಾವ ಮಂಗಲ ಕಾರ್ಯಾಲಯದಲ್ಲಿಯಾದರೂ ಯಾವ ಮದುವೆಗಾದರೂ ಹಾಕುವುದನ್ನೇ ಅವನು ನಮಗೂ ಹಾಕಿದ. ನನ್ನ ದೂರು ನಮ್ಮ ಮೇಲೆಯೇ. ಏನಿರಬಾರದು ಎಂಬುದರ ಪಟ್ಟಿ ಕೊಟ್ಟು, ಏನಿರಬೇಕು ಎಂಬುದನ್ನು ಯೋಚಿಸದೆ, ಆ ಖಾಲಿ ಜಾಗಕ್ಕೆ ‘ಸಂಪ್ರದಾಯ’ ಎಂಬ ಫಲಕವನ್ನು ತೂಗುಹಾಕಿ ಮನೆಗೆ ಹೋಗುವವರು ನಾವು. ಕನ್ನಡ ನಾಡಿನಲ್ಲಿ ಮಾಂಸವಿಲ್ಲದ ಹಬ್ಬದಡುಗೆಯೆಂದರೆ ಜೋಳ, ಸಜ್ಜೆ, ಎಳ್ಳು, ಶೇಂಗಾ, ಹಸಿಕಾಳು, ಸೊಪ್ಪುಗಳಿಂದ ಒಕ್ಕಲುಮಕ್ಕಳು ತಲೆಮಾರುಗಳಿಂದ ಕಟ್ಟಿಕೊಂಡು ಬಂದ ತುಂಬು ಪರಂಪರೆ. ಅದು ನಮ್ಮ ಸಂಘದ ಎಲೆಯ ಮೇಲೆ ಇಲ್ಲ. ಮರೆತುಹೋಗಿ ಹೀಗಾಯಿತೆಂದಿದ್ದರೆ ಕ್ಷಮಿಸಬಹುದಿತ್ತು. ನಾಚಿಕೆಯಿಂದ ಹೀಗಾಗಿದೆ ಎಂಬುದು ನನ್ನ ಆರೋಪ.

ಆರೋಪಕ್ಕೆ ಆಧಾರವಿದೆ. ಆ ಭೋಜನದ ಸಿದ್ಧತೆಗಾಗಿ ಸಮಿತಿಯು ಸೇರಿದ್ದು 2024ರ ಡಿಸೆಂಬರ್ ಕೊನೆಯ ವಾರದಲ್ಲಿ. ಮಂಡ್ಯದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ಆ ತಿಂಗಳ 20ರಿಂದ 22ರ ವರೆಗೆ ನಡೆದು ಆಗಷ್ಟೇ ಮುಗಿದಿತ್ತು. ಮಾಂಸಾಹಾರವನ್ನು ಮದ್ಯ, ತಂಬಾಕುಗಳ ಸಾಲಿಗೆ ಸೇರಿಸಿ ನಿಷೇಧಿಸಿದ ಸೂಚನೆಯು ಅಲ್ಲಿ ಎಬ್ಬಿಸಿದ ಬಾಡೂಟದ ವಿವಾದದ ಬಿಸಿ ನಮ್ಮ ಸಭೆಗೂ ತಟ್ಟಿತು. ಹಿಂಜವಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ತರುಣ ಸದಸ್ಯರೊಬ್ಬರು ಎದ್ದುನಿಂತು, ಕನ್ನಡಿಗರಲ್ಲಿ ಹೆಚ್ಚಿನವರು ಮಾಂಸ ಉಣ್ಣುವವರಾಗಿರುವಾಗ ಸಂಘದ ಊಟ ಮಾತ್ರ ಏಕೆ ಒಂದೆರಡು ಜಾತಿಗಳ ಊಟವಾಗಿರಬೇಕು ಎಂದು ಕೇಳಿದರು. ಹಿರಿಯರು ಕೆರಳಿದರು. ಇಬ್ಬರ ನಡುವೆ ನಾನೊಂದು ಸಣ್ಣ ಸಲಹೆಯಿಟ್ಟೆ. ಇದೇ 30ರಂದು ಎಳ್ಳಮಾವಾಸ್ಯೆ ಬರುತ್ತದೆ. ಅಂದು ನಮ್ಮ ಕಡೆ ಹೊಲಕ್ಕೆ ಒಯ್ಯುವ ಅಡುಗೆಯನ್ನೇ ಸಂಕ್ರಾಂತಿಗೆ ಮಾಡಿಸೋಣ, ಸಜ್ಜೆ ರೊಟ್ಟಿ, ಭಜ್ಜಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಅಂಬಲಿ ಎಂದೆ. ಸಭೆ ಒಂದು ಕ್ಷಣ ಸುಮ್ಮನಾಯಿತು. ಅನಂತರ ಒಬ್ಬರು ನಕ್ಕರು: ‘ಅದು ಕೂಲಿಯವರ ಊಟವಲ್ಲವೇ? ಹೆಂಡತಿ ಮಕ್ಕಳನ್ನೆಲ್ಲ ಕರೆತನ್ನಿ ಎಂದು ಹೇಳಿ ರೊಟ್ಟಿ-ಪಲ್ಯ ಹಾಕಿದರೆ ಜನ ಏನೆಂದುಕೊಂಡಾರು?’ ಪನೀರು ಸರ್ವಾನುಮತದಿಂದ ಅಂಗೀಕೃತವಾಯಿತು. ಮಾಂಸ ಬೇಕೆಂದು ವಾದಿಸಿದ ತರುಣರೂ ಅದಕ್ಕೆ ಕೈಯೆತ್ತಿದರೆಂಬುದನ್ನು ಇಲ್ಲಿ ದಾಖಲಿಸಲೇಬೇಕಾಗಿದೆ.

ನಾನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಕ್ಕಲು ಮನೆತನದವನು. ಪಿಂಪ್ರಿಯ ಕಾರ್ಖಾನೆಯೊಂದರ ಕಚೇರಿಯಲ್ಲಿ ದುಡಿದು ನಿವೃತ್ತನಾಗಿ ಇಲ್ಲಿಯೇ ನೆಲೆಸಿದ್ದೇನೆ. ನಮ್ಮ ಮನೆಯ ಪದ್ಧತಿಯನ್ನು ಹೇಳಿಬಿಟ್ಟರೆ ನನ್ನ ಪಕ್ಷ ಯಾವುದೆಂದು ಯಾರೂ ಊಹಿಸುವ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ. ಹಬ್ಬದ ದಿನ ಹೋಳಿಗೆ, ಮರುದಿನ ಕರಿ. ಮೊದಲ ದಿನ ದೇವರಿಗೆ ಎಡೆ, ಎರಡನೆಯ ದಿನ ಕುರಿಯ ಮಾಂಸದ ಸಾರು. ಹಳೆಯ ಮೈಸೂರಿನ ಕಡೆಯವರು ಯುಗಾದಿಯ ಮರುದಿನ ಹೊಸತೊಡಕು ಮಾಡುವುದೂ ಇದೇ ಲೆಕ್ಕದಲ್ಲಿ. ಒಲೆ ಒಂದೇ, ಬಡಿಸುವ ಕೈ ಒಂದೇ. ಹೂರಣ ಹದವಾಗಿ ಬೇಯಿಸಬಲ್ಲ ನನ್ನ ತಾಯಿಗೆ ಮರುದಿನದ ಮಸಾಲೆಯ ಹದವೂ ಗೊತ್ತಿತ್ತು. ಎರಡರಲ್ಲಿ ಯಾವುದನ್ನು ಮಾಡುವಾಗಲೂ ಆಕೆ ತಾನು ಬೇರೆಯವರ ಅಡುಗೆ ಮಾಡುತ್ತಿದ್ದೇನೆಂದು ಭಾವಿಸಿದ್ದಿಲ್ಲ.

ಆದ್ದರಿಂದಲೇ ‘ಶುದ್ಧ’ ಎಂಬ ಆ ವಿಶೇಷಣ ನನ್ನನ್ನು ಚುಚ್ಚುತ್ತದೆ. ಸಂಘದ ಊಟ ಶುದ್ಧವಾದರೆ ಮರುದಿನದ ನನ್ನ ತಾಯಿಯ ಒಲೆ ಏನಾಯಿತು? ಮಾಂಸವಿಲ್ಲದ ಊಟ ಎಂದು ಬರೆದರೆ ಸಾಕಲ್ಲವೇ? ಅದು ಮಾಹಿತಿ, ಯಾರಿಗೂ ನೋವಿಲ್ಲ. ಶುದ್ಧ ಎಂದು ಬರೆದೊಡನೆ ಅದು ತೀರ್ಪಾಗುತ್ತದೆ. ಪುಣೆಯ ಎಷ್ಟೋ ವಸತಿ ಸಂಕೀರ್ಣಗಳಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ ಈ ಶಬ್ದದ ಹಿಂದೆ ಯಾವ ಪ್ರಶ್ನೆ ಬರುತ್ತದೆಂಬುದು ಚೆನ್ನಾಗಿ ಗೊತ್ತು. ಅದೇ ಶಬ್ದವನ್ನು ನಮ್ಮ ಆಮಂತ್ರಣ ಪತ್ರಿಕೆಯಲ್ಲಿ ನಾವೇ ಅಚ್ಚು ಹಾಕಿಸುತ್ತೇವೆ.

ಆದರೆ ತರುಣ ಮಿತ್ರರಿಗೂ ನನ್ನದೊಂದು ತಕರಾರಿದೆ. ಮಾಂಸವುಳ್ಳ ಊಟ ಜನರದು, ಮಾಂಸವಿಲ್ಲದ ಊಟ ಪುರೋಹಿತರದು ಎಂಬ ಅವರ ವಿಂಗಡಣೆಯನ್ನು ಒಪ್ಪಿದರೆ ಹೋಳಿಗೆ, ಹುಗ್ಗಿ, ಕಡುಬು, ಮಾದಲಿ, ಎಣ್ಣೆಗಾಯಿ ಎಲ್ಲವನ್ನೂ ಎದುರಾಳಿಗೆ ಬರೆದುಕೊಟ್ಟಂತಾಗುತ್ತದೆ. ಕೇಳದೆಯೇ ದಾನಪತ್ರ! ಕರಿಯ ದಿನ ಹೇಗೆ ನಮ್ಮದೋ ಹಬ್ಬದ ದಿನವೂ ಹಾಗೆಯೇ ನಮ್ಮದು. ಸಾರ್ವಜನಿಕ ಸಮ್ಮೇಳನದಲ್ಲಿ ಮಾಂಸಾಹಾರವನ್ನು ವ್ಯಸನಗಳ ಪಟ್ಟಿಗೆ ಸೇರಿಸಿದ್ದು ತಪ್ಪೆಂದು ನಾನೂ ಹೇಳುತ್ತೇನೆ. ಸಂಕ್ರಾಂತಿಯ ಎಡೆಯಲ್ಲಿ ಸಜ್ಜೆ ರೊಟ್ಟಿಯಿರಬೇಕೆಂದು ಕೇಳುವುದು ಬೇರೆಯ ಜಗಳ. ಅದನ್ನೂ ನಾವೇ ಆಡಬೇಕು.

ಹಿರಿಯರು ಪರಂಪರೆಯ ಹೆಸರೆತ್ತುವುದರಿಂದ ಎರಡು ಗ್ರಂಥಗಳನ್ನು ನೆನಪಿಸಿ ಮುಂದೆ ಹೋಗುತ್ತೇನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಉದ್ದಿನ ಇಡರಿಕೆ, ವಡೆ, ಮಂಡಿಗೆಗಳೂ ಇವೆ, ಹಂದಿ ಮೀನುಗಳ ಪಾಕವೂ ಇದೆ. ರಾಜನ ಎಲೆಯಲ್ಲಿ ಎರಡಕ್ಕೂ ಜಾಗವಿತ್ತು. ಇನ್ನು 16ನೆಯ ಶತಮಾನದ ಮೂರನೆಯ ಮಂಗರಸನು ಕನ್ನಡದಲ್ಲಿಯೇ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದ. ಅವನು ಜೈನ, ಅವನ ಅಡುಗೆಯಲ್ಲಿ ಮಾಂಸವಿಲ್ಲ. ಆದರೆ ಮಾಂಸವಿಲ್ಲವೆಂದು ಹೇಳಿ ಅವನು ಕೈತೊಳೆದುಕೊಳ್ಳಲಿಲ್ಲ. ಬರಿಯ ಬದನೆಕಾಯಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟ. ಬಿದಿರಿನ ಕಳಲೆಯನ್ನೂ ಬಿಡಲಿಲ್ಲ. ನಿಷೇಧವನ್ನು ನಿಷ್ಠೆಯಿಂದ ಪಾಲಿಸಿದವನು ಅಡುಗೆಮನೆಯಲ್ಲಿ ಎಷ್ಟು ದುಡಿಯಬೇಕಾಗುತ್ತದೆಂಬುದಕ್ಕೆ ಅವನ ಗ್ರಂಥವೇ ಸಾಕ್ಷಿ. ನಮ್ಮ ಸಮಿತಿಗೆ ಬದನೆಕಾಯಿ ಕಾಣುವುದಿಲ್ಲ.

ಈಗ ‘ಕೂಲಿಯವರ ಊಟ’ದ ವಿಷಯ. ಎಳ್ಳಮಾವಾಸ್ಯೆಯ ಹಿಂದಿನ ರಾತ್ರಿ ನಮ್ಮ ಮನೆಯ ಹೆಂಗಸರು ಮಲಗುತ್ತಿದ್ದದ್ದು ನನಗೆ ನೆನಪಿಲ್ಲ. ಸಂಜೆಯಿಂದಲೇ ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿಗಳನ್ನು ಸುಲಿಯುವ ಕೆಲಸ ನಡೆಯುತ್ತಿತ್ತು. ಸುಲಿದದ್ದರಲ್ಲಿ ಅರ್ಧ ಮಕ್ಕಳಾದ ನಮ್ಮ ಹೊಟ್ಟೆಗೇ ಹೋಗುತ್ತಿತ್ತೆನ್ನಿ. ಕಾಳುಗಳನ್ನೆಲ್ಲ ದೊಡ್ಡ ಹಂಡೆಯಲ್ಲಿ ಬೇಯಿಸಿ, ಮೆಂತ್ಯ, ಕಡಲೆಯ ಚಿಗುರು, ಉಳ್ಳಾಗಡ್ಡಿಯ ತಪ್ಪಲು ಹೆಚ್ಚಿ ಹಾಕಿ, ಕಡಲೆಹಿಟ್ಟನ್ನು ಹುಣಸೆ ಹುಳಿಯಲ್ಲಿ ಕದಡಿ ಸುರಿದು, ಹಸಿಮೆಣಸಿನಕಾಯಿ, ಜೀರಿಗೆ, ಕೈತುಂಬ ಬೆಳ್ಳುಳ್ಳಿ ಜಜ್ಜಿ ಕೂಡಿಸಿ, ಕುಳ್ಳಿನ ಉರಿಯಲ್ಲಿ ಕುದಿಸುತ್ತಿದ್ದರು. ಇದೇ ಭಜ್ಜಿ. ಎಣ್ಣೆಯಲ್ಲಿ ಕರಿದ ಬಜ್ಜಿಗೂ ಇದಕ್ಕೂ ಹೆಸರಿನ ಸಂಬಂಧ ಮಾತ್ರ. ಬೆಳ್ಳುಳ್ಳಿಯಿಲ್ಲದೆ ಇದು ಆಗುವುದಿಲ್ಲ. ಆದ್ದರಿಂದ ‘ಕಡಿಮೆಯಿದ್ದಷ್ಟೂ ಒಳ್ಳೆಯದು’ ಎನ್ನುವವರ ಷರತ್ತಿಗೆ ಮೊದಲು ಬಲಿಯಾಗುವುದೂ ಇದೇ. ಇನ್ನೊಂದು ಒಲೆಯ ಮೇಲೆ ಸಜ್ಜೆಯ ರೊಟ್ಟಿ. ಬಿಸಿನೀರು ಹಾಕಿ ನಾದಿ, ಕೈಯಿಂದ ಬಡಿದು, ಹಿಂದುಮುಂದು ನೋಡದೆ ಎಳ್ಳು ಸುರಿದು ಒತ್ತಿ ಹಂಚಿಗೆ ಹಾಕುವುದು. ತುಂಬಿದ ಬದನೆಕಾಯಿಯ ಎಣ್ಣೆಗಾಯಿ, ಮಡಕಿ ಕಾಳು, ಪುಂಡಿಪಲ್ಯ, ಅಗಸಿ ಹಿಂಡಿ, ಶೇಂಗಾ ಚಟ್ನಿ, ಜೋಳದ ಕಡುಬು, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ. ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಹುಳಿ ಬರಿಸಿ ಮಾಡಿದ ಅಂಬಲಿ ಬೇರೆಯೇ ಗಡಿಗೆಯಲ್ಲಿ.

ಬೆಳಗಾದರೆ ಇದೆಲ್ಲ ಬುಟ್ಟಿಗಳಲ್ಲಿ ಬಂಡಿಯೇರಿ ಹೊಲಕ್ಕೆ ಹೋಗುತ್ತಿತ್ತು. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಐದು ಕಲ್ಲುಗಳು. ಪಾಂಡವರೆಂದು ಅವಕ್ಕೆ ಪೂಜೆ. ಹಿಂಗಾರಿ ಜೋಳ ಹೊಡೆ ಬಿಡುವ ಕಾಲ ಅದು. ಮಾಡಿದ ಅಡುಗೆಯೆಲ್ಲದರಲ್ಲಿ ಸ್ವಲ್ಪ ಸ್ವಲ್ಪ ತೆಗೆದು ಕಲಸಿ ಹೊಲದ ತುಂಬ ಚರಗ ಚೆಲ್ಲಿದ ಮೇಲೆಯೇ ಮನುಷ್ಯರಿಗೆ ಊಟ. ಅಂದು ಹಾದಿಗೆ ಹೋಗುವವರನ್ನು ಕೂಗಿ ಕರೆದು ಉಣಿಸುವುದು ಪದ್ಧತಿ, ಯಾರೆಂದು ಕೇಳುತ್ತಿರಲಿಲ್ಲ. ಜಾತಿಯೇ ಇರಲಿಲ್ಲವೆಂಬ ಸುಳ್ಳನ್ನು ನಾನು ಹೇಳಲಾರೆ. ಬದುವಿನ ಆಚೆ ಕುಳಿತು ಉಂಡವರು ಯಾರೆಂಬುದು ನನಗೆ ಇಂದಿಗೂ ನೆನಪಿದೆ, ಅದರ ಲಜ್ಜೆಯೂ ಇದೆ. ಆದರೆ ಅವರ ಮುಂದೆಯೂ ನಮ್ಮ ಮುಂದೆಯೂ ಇದ್ದ ಅಡುಗೆ ಒಂದೇ ಹಂಡೆಯದು. ನಮ್ಮ ಸಂಘದ ಭೋಜನಕ್ಕೆ ಬದುವಿಲ್ಲ, ಕೂಪನ್ನು ಇದೆ. ಕೂಪನ್ನಿನ ಆಚೆಗಿರುವವರಿಗೆ ಆ ದಿನ ಊಟವಿರುವುದೇ ಗೊತ್ತಾಗುವುದಿಲ್ಲ.

ಪುಣೆಯಲ್ಲಿ ಇಂಥದ್ದೆಲ್ಲ ಯಾರಿಗೆ ಬೇಕು ಎಂದು ಕೇಳುವವರಿಗೆ ಪುಣೆಯೇ ಉತ್ತರ ಕೊಡುತ್ತದೆ. ಸಂಕ್ರಾಂತಿಯ ಹಿಂದಿನ ದಿನವಾದ ಭೋಗಿಯಂದು ನಮ್ಮ ನೆರೆಯ ಮರಾಠಿ ಮನೆಗಳಲ್ಲಿ ಏನು ಮಾಡುತ್ತಾರೆಂದು ನೋಡಿ: ಎಳ್ಳು ಹಚ್ಚಿದ ಸಜ್ಜೆಯ ಭಾಕರಿ, ಹಸಿಕಾಳು, ಬದನೆ, ಗಜ್ಜರಿಗಳನ್ನು ಕೂಡಿಸಿದ ಭೋಗಿಯ ಭಾಜಿ. ಸದಾಶಿವ ಪೇಟೆಯಲ್ಲಿಯೂ ಮಾಡುತ್ತಾರೆ, ಹಡಪಸರದಲ್ಲಿಯೂ ಮಾಡುತ್ತಾರೆ. ಕೂಲಿಯವರ ಊಟವೆಂದು ಯಾರೂ ಮೂಗು ಮುರಿಯುವುದಿಲ್ಲ. ಲಾತೂರು, ಧಾರಾಶಿವ ಜಿಲ್ಲೆಗಳ ಕಡೆಯವರನ್ನು ಕೇಳಿದರೆ ಇನ್ನೂ ಸ್ವಾರಸ್ಯ. ಅಲ್ಲಿ ಎಳ್ಳಮಾವಾಸ್ಯೆಯೇ ‘ಯೆಳವಸ್’ ಆಗಿ ನಡೆಯುತ್ತದೆ. ಹೆಸರನ್ನು ಬಾಯಲ್ಲಿ ಎರಡು ಸಲ ಹೊರಳಿಸಿದರೆ ಒಳಗಿರುವ ಕನ್ನಡ ತಾನೇ ಕೇಳಿಸುತ್ತದೆ. ಅಲ್ಲಿಯೂ ಭಜ್ಜಿ, ಅಲ್ಲಿಯೂ ಆಂಬೀಲ್, ಅಲ್ಲಿಯೂ ಹೊಲದಲ್ಲಿ ಪಾಂಡವರು, ಅಲ್ಲಿಯೂ ಬಂದವರಿಗೆಲ್ಲ ಊಟ. 1956ರ ಭಾಷಾವಾರು ಗೆರೆಯು ಊರುಗಳನ್ನು ಹಂಚಿತು, ಹಂಡೆಯನ್ನು ಹಂಚಲಾಗಲಿಲ್ಲ. ನನ್ನೊಡನೆ ಕಚೇರಿಯಲ್ಲಿದ್ದ ಲಾತೂರಿನ ಸಹೋದ್ಯೋಗಿ ಪ್ರತಿವರ್ಷ ಊರಿಂದ ಮರಳುವಾಗ ಡಬ್ಬಿಯಲ್ಲಿ ಭಜ್ಜಿ ತರುತ್ತಿದ್ದರು. ‘ತುಮಚೀಚ ಆಹೇ’, ನಿಮ್ಮದೇ ಇದು, ಎನ್ನುತ್ತಿದ್ದರು. ನಮ್ಮದೆಂದು ಅವರಿಗೆ ಗೊತ್ತಿದೆ. ನಮ್ಮ ಸಮಿತಿಗೆ ಗೊತ್ತಿಲ್ಲ.

ಈ ನಗರದಲ್ಲಿ ಮಾಂಸವಿಲ್ಲದ ಊಟದಿಂದಲೇ ಕನ್ನಡಿಗರು ಹೆಸರು ಮಾಡಿದ್ದಾರೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ, ರೂಪಾಲಿಗಳನ್ನೂ, ಅವುಗಳನ್ನು ಬೆಳೆಸಿ 2023ರಲ್ಲಿ ತೀರಿಕೊಂಡ ಜಗನ್ನಾಥ ಶೆಟ್ಟಿಯವರನ್ನೂ ಅರಿಯದ ಪುಣೇಕರರಿಲ್ಲ. ಕರಾವಳಿಯಿಂದ ಬಂದು ಮುಂಬಯಿ, ಪುಣೆಗಳಲ್ಲಿ ಇಡ್ಲಿ-ದೋಸೆಯ ಹೋಟೆಲು ಕಟ್ಟಿದವರಲ್ಲಿ ಅನೇಕರು ಮನೆಯಲ್ಲಿ ಮೀನು, ಕೋರಿ-ರೊಟ್ಟಿ ಉಣ್ಣುವ ಸಮುದಾಯದವರು. ಗಲ್ಲಾದ ಈಚೆ ಅವರು ಕೊಟ್ಟದ್ದು ಕಸಬಿನ ಅಚ್ಚುಕಟ್ಟು. ಶುದ್ಧಾಶುದ್ಧಗಳ ಪ್ರವಚನವನ್ನು ಸಾಂಬಾರಿನೊಡನೆ ಬಡಿಸಲಿಲ್ಲ. ಅವರ ಇಡ್ಲಿಯನ್ನು ಮಹಾರಾಷ್ಟ್ರವೇ ತಲೆಯ ಮೇಲೆ ಹೊತ್ತುಕೊಂಡಿದೆ. ಆದರೆ ನಿತ್ಯದ ಹೋಟೆಲಿನ ತಿಂಡಿ ಹಬ್ಬದ ಎಡೆಯ ಜಾಗವನ್ನು ತುಂಬಲಾರದು, ಬಯಲುಸೀಮೆಯವರ ಎಡೆಯನ್ನಂತೂ ಅಲ್ಲವೇ ಅಲ್ಲ.

ಆಕ್ಷೇಪಗಳು ನನಗೆ ಗೊತ್ತಿವೆ. ನೂರಾರು ಜನಕ್ಕೆ ರೊಟ್ಟಿ ಬಡಿಯುವವರು ಯಾರು, ಮಕ್ಕಳು ತಿನ್ನುತ್ತಾರೆಯೇ, ಖರ್ಚೆಷ್ಟು? ಒಂದೊಂದಾಗಿ ನೋಡಿದರೆ ಎಲ್ಲವೂ ನನ್ನ ಪಕ್ಷಕ್ಕೇ ಬರುತ್ತವೆ. ಈ ಅಡುಗೆ ಹುಟ್ಟಿದ್ದೇ ಹೊತ್ತುಕೊಂಡು ಹೋಗಿ, ಬಯಲಿನಲ್ಲಿ ಕುಳಿತು, ಬಂದವರಿಗೆಲ್ಲ ಹಂಚಿ ಉಣ್ಣುವುದಕ್ಕೆ. ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹೋಳಿಗೆ ನಾಲ್ಕಾರು ದಿನ ಮೊದಲೇ ಮಾಡಿಟ್ಟರೂ ರುಚಿಗೆಡದು. ಭಜ್ಜಿ ಒಂದೇ ಹಂಡೆಯಲ್ಲಿ ಆಗುತ್ತದೆ, ಆರಿದ ಮೇಲೆಯೇ ಅದಕ್ಕೆ ಹೆಚ್ಚು ರುಚಿ. ಆರಿದ ಪನೀರನ್ನು ಅಗಿದವರಿಗೆ ವ್ಯತ್ಯಾಸ ಗೊತ್ತಿರಬೇಕು. ಜೋಳ, ಸಜ್ಜೆ, ಕಾಳುಗಳು ಗುಲಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಸಿಗುತ್ತವೆ. ಪುಂಡಿಪಲ್ಯ ‘ಅಂಬಾಡಿ’ ಎಂಬ ಹೆಸರಿನಲ್ಲಿ ಮಂಡಯಿಯಲ್ಲಿ ಸಿಗುತ್ತದೆ. ಮಕ್ಕಳ ಮಾತು ಬಂತು. 2023ನ್ನು ಭಾರತದ ಪ್ರಸ್ತಾವದ ಮೇರೆಗೆ ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಇದೇ ಮಕ್ಕಳ ತಂದೆತಾಯಿಗಳು ಸಜ್ಜೆಯ ಬಿಸ್ಕತ್ತು, ಜೋಳದ ಪಾಸ್ತಾಗಳನ್ನು ಮಾಲ್‌ಗಳಲ್ಲಿ ಮೇಲುಬೆಲೆ ಕೊಟ್ಟ ತಂದರು. ಪೊಟ್ಟಣದಲ್ಲಿ ಬಂದರೆ ಆರೋಗ್ಯ, ರೊಟ್ಟಿಯಾಗಿ ಬಂದರೆ ಬಡತನ! ಇದು ನಾಲಗೆಯ ದೋಷವೆಂದು ನನಗನ್ನಿಸುವುದಿಲ್ಲ.

ದೋಷ ಎಲ್ಲಿದೆಯೆಂಬುದನ್ನು ಆ ಸಭೆಯ ನಗುವೇ ಹೇಳಿತು. ಕೂಲಿಯವರೆಂದರೆ ಯಾರು? 1972ರ ಬರಗಾಲದ ಕಾಲದಲ್ಲಿಯೂ ಅನಂತರವೂ ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಗುಳೆ ಬಂದು ಈ ನಗರದ ಕಟ್ಟಡಗಳಿಗೆ ಕಲ್ಲು, ಇಟ್ಟಿಗೆ, ಸಿಮೆಂಟು ಹೊತ್ತವರು. ಇಂದಿಗೂ ವಾಕಡ, ಹಿಂಜವಡಿಗಳ ಗೋಪುರಗಳ ಬುಡದಲ್ಲಿ ತಗಡಿನ ಶೆಡ್ಡುಗಳಲ್ಲಿ ಕನ್ನಡದಲ್ಲಿ ಜೋಗುಳ ಹಾಡುತ್ತಿರುವವರು. ನಾವು ರಾಜ್ಯೋತ್ಸವದ ವೇದಿಕೆಯ ಮೇಲೆ ಪುಣೆಯಲ್ಲಿ ಕನ್ನಡಿಗರ ಸಂಖ್ಯೆ ದೊಡ್ಡದೆಂದು ಹೆಮ್ಮೆಯಿಂದ ಸಾರುವಾಗ ಅವರನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಊಟಕ್ಕೆ ಎಲೆ ಹಾಕುವಾಗ ಹಿಡಿಯುವುದಿಲ್ಲ. ಅವರ ಅಡುಗೆಗೂ ಅದೇ ಗತಿ.

ನಮ್ಮ ವಸತಿ ಸಂಕೀರ್ಣದ ಕಾವಲುಗಾರ ಜೇವರ್ಗಿ ಕಡೆಯವನು. 2024ರ ಆ ಎಳ್ಳಮಾವಾಸ್ಯೆಯ ದಿನ, ಅಂದರೆ ಪನೀರು ಅಂಗೀಕೃತವಾದ ಕೆಲವೇ ದಿನಗಳಲ್ಲಿ, ಅವನ ಹೆಂಡತಿ ಸ್ಟೀಲಿನ ಡಬ್ಬಿಯೊಂದನ್ನು ನನ್ನ ಬಾಗಿಲಿಗೆ ತಂದಿಟ್ಟಳು. ಎರಡು ಸಜ್ಜೆ ರೊಟ್ಟಿ, ಭಜ್ಜಿ, ಒಂದು ಶೇಂಗಾ ಹೋಳಿಗೆ. ‘ಹೊಲ ಇಲ್ಲಲ್ಲವ್ವ, ಚರಗ ಎಲ್ಲಿ ಚೆಲ್ಲಿದೆ?’ ಎಂದು ಕೇಳಿದೆ. ಸಂಕೀರ್ಣದ ತೋಟದ ಮೂಲೆಯಲ್ಲಿ, ಯಾರೂ ಏಳುವ ಮೊದಲು, ಎಂದಳು. ಈ ಲೇಖನ ಬರೆಯಲು ಕುಳಿತಾಗ ಆಕೆಯನ್ನು ಮತ್ತೆ ಮಾತನಾಡಿಸಿದೆ. ಬರುವ ಸಂಕ್ರಾಂತಿಗೆ ನಮ್ಮ ಸಂಘದಲ್ಲಿ ಇದೇ ಅಡುಗೆ ಮಾಡಿಸುವುದಾದರೆ ನೀನೂ ನಿನ್ನ ಕಡೆಯ ಹೆಂಗಸರೂ ಕೂಡಿ ಮಾಡಿಕೊಡುವಿರಾ, ನ್ಯಾಯವಾದ ಕೂಲಿ ಕೊಡಿಸುತ್ತೇನೆ ಎಂದೆ.

‘ಎಷ್ಟ ಮಂದಿಗಿ ಅಂತ ಮೊದ್ಲ ಹೇಳ್ರಿ ಯಪ್ಪಾ. ಕಡಕ್ ರೊಟ್ಟಿ ಆದ್ರ ಎಂಟ ದಿನ ಮುಂಚೇನ ಬಡದ ಇಡ್ತೀವಿ’ ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: ‘ಉಣ್ಲಾಕೂ ನಮ್ಮನ್ನ ಕರೀತಾರೇನ್ರಿ, ಬರೇ ಬಡ್ಯಾಕಷ್ಟೇ ಏನ್ರಿ?’

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಪ್ರಶ್ನೆಯನ್ನು ಆಕೆಯ ಮಾತಿನಲ್ಲಿಯೇ ಸೇರಿಸಬೇಕೆಂದು ಕಾರ್ಯದರ್ಶಿಗಳಿಗೆ ಬರೆದುಕೊಟ್ಟಿದ್ದೇನೆ.